ಒಬ್ಬರಿಗೆ ಪಾಸ್ತಾ: ನಾಲ್ಕರಿಂದ ಭಾಗಿಸಿದರೆ ಸಾಲದು

ಪ್ರಶ್ನೆ: ನಾನು ಒಂಟಿಯಾಗಿ ವಾಸಿಸುತ್ತೇನೆ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಪಾಸ್ತಾ ಮಾಡಿಕೊಳ್ಳೋಣ ಎಂದು ಹೊರಟರೆ ಒಮ್ಮೆ ಮೂವರಿಗೆ ಸಾಕಾಗುವಷ್ಟಾಗುತ್ತದೆ, ಇನ್ನೊಮ್ಮೆ ಸಾಸ್ ಬತ್ತಿ ಪಾಸ್ತಾ ಒಂದಕ್ಕೊಂದು ಅಂಟಿಕೊಂಡು ಕೂರುತ್ತದೆ. ನಾಲ್ಕು ಜನರ ಪಾಕವಿಧಾನವನ್ನು ಸರಿಯಾಗಿ ಕಾಲು ಭಾಗಕ್ಕೆ ಇಳಿಸಿಕೊಂಡೇ ಮಾಡುತ್ತೇನೆ. ಆದರೂ ಬೆಳ್ಳುಳ್ಳಿ ಪ್ರತಿ ಸಲವೂ ಸೀಯುತ್ತದೆ. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಇಪ್ಪತ್ತೈದು ನಿಮಿಷದೊಳಗೆ ಮುಗಿಯುವ, ಹೊಟ್ಟೆಯೂ ತುಂಬುವ ದಾರಿ ಇದೆಯೇ? ಉಳಿದ ಅರ್ಧ ಡಬ್ಬಿ ಟೊಮೆಟೊವನ್ನು ಏನು ಮಾಡಲಿ?

ಉತ್ತರ: ನಿಮ್ಮ ತೊಂದರೆಯ ಮೂಲ ನಿಮ್ಮ ಪತ್ರದಲ್ಲೇ ಇದೆ. ಕಾಲು ಭಾಗಕ್ಕೆ ಇಳಿಸಿಕೊಂಡೇ ಮಾಡುತ್ತೇನೆ ಎಂದಿದ್ದೀರಿ. ಪದಾರ್ಥಗಳನ್ನೇನೋ ನಾಲ್ಕರಿಂದ ಭಾಗಿಸಬಹುದು. ಬಾಣಲೆಯ ಅಗಲವನ್ನು, ಒಲೆಯ ಉರಿಯನ್ನು, ಆವಿಯಾಗಿ ಹೋಗುವ ನೀರನ್ನು ಯಾರು ಭಾಗಿಸಿಕೊಡುತ್ತಾರೆ? ನಾಲ್ಕು ಜನರ ಸಾಸ್ ಹಿಡಿಸುವ ಅಗಲವಾದ ಬಾಣಲೆಯಲ್ಲಿ ಒಬ್ಬರ ಸಾಸ್ ಹಾಕಿದರೆ ಅದು ತೆಳುವಾಗಿ ಹರಡಿಕೊಳ್ಳುತ್ತದೆ. ಮೇಲ್ಮೈ ಅಷ್ಟೇ ಇದೆ, ಉರಿ ಅಷ್ಟೇ ಇದೆ, ಇರುವ ನೀರು ಮಾತ್ರ ಕಾಲು ಭಾಗ. ಪುಸ್ತಕದಲ್ಲಿ ‘ಹತ್ತು ನಿಮಿಷ ಕುದಿಸಿ’ ಎಂದಿರುವುದು ನಿಮ್ಮ ಒಲೆಯ ಮೇಲೆ ಮೂರು ನಿಮಿಷಕ್ಕೇ ಬತ್ತಿ ತಳ ಹಿಡಿಯುತ್ತದೆ. ಬೆಳ್ಳುಳ್ಳಿ ಸೀಯುವುದಕ್ಕೂ ಇದೇ ಕಾರಣ: ಒಂದೂವರೆ ಚಮಚ ಎಣ್ಣೆ ದೊಡ್ಡ ಬಾಣಲೆಯಲ್ಲಿ ತೆಳ್ಳನೆಯ ಪದರವಾಗಿ ಹರಡಿಕೊಳ್ಳುತ್ತದೆ, ಬೆಳ್ಳುಳ್ಳಿ ಅದರಲ್ಲಿ ಮುಳುಗದೆ ಬರಿಯ ಲೋಹಕ್ಕೆ ತಾಗಿ ಹುರಿದುಹೋಗುತ್ತದೆ.

ಹಾಗಾಗಿ ಮೊದಲ ಸಲಹೆ ಪಾತ್ರೆಯ ವಿಚಾರಕ್ಕೆ. 20ರಿಂದ 22 ಸೆಂಟಿಮೀಟರ್ ಅಗಲದ, ಮುಚ್ಚಳವಿರುವ ಬಾಣಲೆ ಒಂದಿರಲಿ; ಪಾಸ್ತಾ ಬೇಯಿಸಲು ಒಂದೂವರೆ ಲೀಟರ್ ಹಿಡಿಸುವ ಸಣ್ಣ ಪಾತ್ರೆ ಸಾಕು. ದೊಡ್ಡ ಬಾಣಲೆಯೊಂದೇ ಇದೆ ಎಂದಾದರೆ ಎಣ್ಣೆ ಕಾಯಿಸುವಾಗ ಅದನ್ನು ಒಂದು ಬದಿಗೆ ಓರೆಯಾಗಿ ಹಿಡಿದುಕೊಳ್ಳಿ. ಎಣ್ಣೆಯೆಲ್ಲ ಮೂಲೆಗೆ ಬಂದು ನಿಲ್ಲುತ್ತದೆ, ಬೆಳ್ಳುಳ್ಳಿ ಅಲ್ಲಿ ಈಜಾಡಲಿ.

ಇನ್ನು ಅಳತೆ. ಒಬ್ಬರ ರಾತ್ರಿಯೂಟಕ್ಕೆ ಒಣ ಪಾಸ್ತಾ 80ರಿಂದ 90 ಗ್ರಾಂ, ತುಂಬ ಹಸಿದಿದ್ದರೆ 100 ಗ್ರಾಂ. ಬೆಂದ ಮೇಲೆ ಅದರ ತೂಕ ಎರಡು ಪಟ್ಟಿಗೂ ಸ್ವಲ್ಪ ಮೇಲೆ ಹೋಗುತ್ತದೆ. ಕಣ್ಣಳತೆ ಇಲ್ಲಿ ಎಲ್ಲರಿಗೂ ಮೋಸ ಮಾಡುತ್ತದೆ, ಒಣಗಿದ ಪಾಸ್ತಾ ಯಾವಾಗಲೂ ಕಡಿಮೆಯೆಂದೇ ಕಾಣುತ್ತದೆ. ತಕ್ಕಡಿ ಇಲ್ಲದಿದ್ದರೆ 240 ಮಿಲಿಲೀಟರ್ ಕಪ್ಪಿನಲ್ಲಿ ಪೆನ್ನೆ ಎಂಬ ಗಿಡ್ಡ ಕೊಳವೆಯಾಕಾರದ ಪಾಸ್ತಾವನ್ನು ತಲೆಮಟ್ಟ ಒಂದು ಕಪ್ ತೆಗೆದುಕೊಳ್ಳಿ, ಹೆಚ್ಚುಕಡಿಮೆ ಸರಿಹೋಗುತ್ತದೆ. ಸ್ಪಗೆಟ್ಟಿಯಾದರೆ ಕಟ್ಟನ್ನು ಬಿಗಿಯಾಗಿ ಹಿಡಿದಾಗ ಅದರ ಅಡ್ಡಗಲ ಸುಮಾರು ಎರಡು ಸೆಂಟಿಮೀಟರ್ ಇರಲಿ. ಯಾವ ಆಕಾರ ಒಳ್ಳೆಯದು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಮನೆಯಲ್ಲಿರುವ ಪೊಟ್ಟಣವೇ ಸರಿಯಾದ ಪೊಟ್ಟಣ. ಸಣ್ಣ ಪಾತ್ರೆಯಲ್ಲಿ ಮುಳುಗಲು ಸುಲಭವೆಂದು ಗಿಡ್ಡ ಆಕಾರಗಳಿಗೆ ಒಂದು ಅಂಕ ಹೆಚ್ಚು, ಅಷ್ಟೇ. ನೀವು ಮೊಟ್ಟೆ ತಿನ್ನದವರಾದ್ದರಿಂದ ಪೊಟ್ಟಣದ ಹಿಂಭಾಗವನ್ನೊಮ್ಮೆ ಓದಿ. ಒಣ ಪಾಸ್ತಾ ಸಾಮಾನ್ಯವಾಗಿ ಡ್ಯೂರಮ್ ಗೋಧಿಯ ರವೆ ಮತ್ತು ನೀರು ಮಾತ್ರ. ಇಟಲಿಯಲ್ಲಿ ಒಣ ಪಾಸ್ತಾ ಈ ಗೋಧಿಯದ್ದೇ ಆಗಿರಬೇಕೆಂದು 1967ರ ಕಾನೂನೇ ವಿಧಿಸಿತು. ಆದರೆ ಶೀತಲ ಕಪಾಟಿನಲ್ಲಿ ಮಾರುವ ತಾಜಾ ಪಾಸ್ತಾದಲ್ಲೂ ಗೂಡಿನಂತೆ ಸುತ್ತಿಟ್ಟ ಅಗಲ ಪಟ್ಟಿಯ ಬಗೆಗಳಲ್ಲೂ ಅನೇಕ ವೇಳೆ ಮೊಟ್ಟೆ ಇರುತ್ತದೆ.

ಈಗ ನೀರಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಒಬ್ಬರ ಪಾಸ್ತಾ ಕೆಡುವುದು ಹೆಚ್ಚಾಗಿ ಇಲ್ಲಿಯೇ. ‘ದೊಡ್ಡ ಪಾತ್ರೆ, ತುಂಬ ನೀರು’ ಎಂಬುದು ಎಲ್ಲೆಡೆ ಕೇಳಿಬರುವ ಮಾತು. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಲೀಟರಿಗೆ ಹತ್ತು ಗ್ರಾಂ ಉಪ್ಪು ಎನ್ನುವುದು ಇಟಲಿಯ ರೂಢಿಯ ಲೆಕ್ಕ. ಅರ್ಧ ಕಿಲೋ ಪಾಸ್ತಾಕ್ಕೆ ಐದು ಲೀಟರ್ ಎಂದಾಗ ಈ ಲೆಕ್ಕ ಸರಿಯಾಗಿಯೇ ಕೂರುತ್ತದೆ. ನೀವು ಅದೇ ಉತ್ಸಾಹದಲ್ಲಿ 85 ಗ್ರಾಂ ಪಾಸ್ತಾಕ್ಕೆ ಮೂರು ಲೀಟರ್ ನೀರಿಟ್ಟರೆ ಎರಡು ನಷ್ಟ. ಒಂದು, ಅಷ್ಟು ನೀರು ಕುದಿಯುವುದಕ್ಕೇ ನಿಮ್ಮ ಇಪ್ಪತ್ತೈದು ನಿಮಿಷದಲ್ಲಿ ಅರ್ಧ ಮುಗಿಯುತ್ತದೆ. ಎರಡು, ಇದೇ ದೊಡ್ಡದು: ಪಾಸ್ತಾ ಬೇಯುವಾಗ ನೀರಿಗೆ ಬಿಡುವ ಪಿಷ್ಟ ತೀರ ತೆಳುವಾಗಿಬಿಡುತ್ತದೆ. ಎಣ್ಣೆಯನ್ನೂ ನೀರನ್ನೂ ಬೇರೆಯಾಗಲು ಬಿಡದೆ ಹಿಡಿದು, ಸಾಸನ್ನು ಪಾಸ್ತಾಕ್ಕೆ ಮೆತ್ತುವುದು ಈ ಪಿಷ್ಟವೇ. ಅದಿಲ್ಲದ ನೀರನ್ನು ಎಷ್ಟು ಸುರಿದರೂ ತಟ್ಟೆಯ ತಳದಲ್ಲಿ ನೀರು ಬೇರೆ, ಎಣ್ಣೆ ಬೇರೆ ನಿಲ್ಲುತ್ತವೆ.

ಆದ್ದರಿಂದ ಮುಕ್ಕಾಲು ಲೀಟರ್ ನೀರು ಸಾಕು, ಅದಕ್ಕೆ ತಲೆಮಟ್ಟ ಒಂದು ಟೀ ಚಮಚ ಉಪ್ಪು. ರೂಢಿಯ ಲೆಕ್ಕಕ್ಕಿಂತ ಉಪ್ಪು ತುಸು ಕಡಿಮೆಯಾಯಿತಲ್ಲ ಎನ್ನಬೇಡಿ, ಈ ನೀರಿನ ಒಂದಷ್ಟು ಪಾಲು ಸಾಸಿಗೂ ಹೋಗುತ್ತದೆ. ಇನ್ನೂ ಕಡಿಮೆ ನೀರಿನಲ್ಲಿಯೂ ಪಾಸ್ತಾ ಬೇಯುತ್ತದೆ: ಆಹಾರ ವಿಜ್ಞಾನದ ಬರಹಗಾರ ಹೆರಾಲ್ಡ್ ಮೆಕ್‌ಗೀ 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಸುಮಾರು 450 ಗ್ರಾಂ ಪಾಸ್ತಾವನ್ನು ಒಂದೂವರೆ ಎರಡು ಲೀಟರ್ ನೀರಿನಲ್ಲಿ, ಅದೂ ತಣ್ಣೀರಿನಿಂದಲೇ ಶುರುಮಾಡಿ ಬೇಯಿಸಬಹುದೆಂದು ಬರೆದಾಗ ಸಂಪ್ರದಾಯಸ್ಥರು ಹುಬ್ಬೇರಿಸಿದ್ದರು. ಕಡಿಮೆ ನೀರಿನ ಒಂದೇ ಷರತ್ತೆಂದರೆ ಮೊದಲ ಎರಡು ನಿಮಿಷ ಪಾತ್ರೆಯ ಬಳಿಯೇ ನಿಂತು ಕೈಯಾಡಿಸುತ್ತಿರಬೇಕು. ಆಗಲೇ ಪಾಸ್ತಾದ ಹೊರಮೈಯ ಪಿಷ್ಟ ಉಬ್ಬಿ ಅಂಟಾಗುವುದು. ಒಂದಕ್ಕೊಂದು ಕಚ್ಚಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ. ಆ ಎರಡು ನಿಮಿಷ ದಾಟಿದರೆ ನಿಶ್ಚಿಂತೆ. ಅಂಟದಿರಲಿ ಎಂದು ಕುದಿಯುವ ನೀರಿಗೆ ಎಣ್ಣೆ ಹಾಕುವವರಿದ್ದಾರೆ. ಎಣ್ಣೆ ಮೇಲೆ ತೇಲುತ್ತದೆ, ಪಾಸ್ತಾ ಕೆಳಗೆ ಅಂಟುತ್ತದೆ. ಬಸಿದ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯುವುದೂ ಬೇಡ. ನಮಗೆ ಬೇಕಾದ ಪಿಷ್ಟವನ್ನೇ ಚರಂಡಿಗೆ ಬಿಟ್ಟಂತಾಗುತ್ತದೆ.

ಒಂದು ಅಡುಗೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಇದು ಕೈಗೆ ಹತ್ತಿದರೆ ಉಳಿದವೆಲ್ಲ ಇದರ ಕವಲುಗಳೇ. ಬೇಕಾದದ್ದು: 85 ಗ್ರಾಂ ಪಾಸ್ತಾ, ಬೆಳ್ಳುಳ್ಳಿ ಎರಡು ದಪ್ಪ ಎಸಳು, ಆಲಿವ್ ಎಣ್ಣೆ ಒಂದೂವರೆ ದೊಡ್ಡ ಚಮಚ, ಒಣಮೆಣಸಿನ ಚೂರು ಒಂದು ಚಿಟಿಕೆ, ಸಣ್ಣ ಚೆರ್ರಿ ಟೊಮೆಟೊ 200 ಗ್ರಾಂ ಅಥವಾ 400 ಗ್ರಾಂ ಡಬ್ಬಿಯ ಅರ್ಧ, ಸಿಕ್ಕರೆ ನಾಲ್ಕು ಬೇಸಿಲ್ ಎಲೆ.

ಕೈಕಾಲು ತೊಳೆಯುವ ಮೊದಲೇ ನೀರನ್ನು ಒಲೆಗಿಟ್ಟು ಮುಚ್ಚಳ ಮುಚ್ಚಿ. ಅದು ಕುದಿಯುವಷ್ಟರಲ್ಲಿ ಬೆಳ್ಳುಳ್ಳಿಯನ್ನು ಬಿಲ್ಲೆಗಳಾಗಿ ಹೆಚ್ಚಿಕೊಳ್ಳಿ. ಜಜ್ಜಬೇಡಿ, ಜಜ್ಜಿದ್ದು ಬೇಗ ಸೀಯುತ್ತದೆ. ಬಿಲ್ಲೆಗಳಾದರೆ ಎಲ್ಲವೂ ಒಂದೇ ದಪ್ಪಕ್ಕಿದ್ದು ಒಟ್ಟಿಗೇ ಬಣ್ಣ ತಿರುಗುತ್ತವೆ. ನೀರು ಕುದಿ ಬಂದಾಗ ಉಪ್ಪು, ಪಾಸ್ತಾ ಹಾಕಿ, ಹೇಳಿದಂತೆ ಎರಡು ನಿಮಿಷ ಕೈಯಾಡಿಸಿ. ನಂತರ ಪಕ್ಕದ ಒಲೆಯಲ್ಲಿ ಬಾಣಲೆಯಿಟ್ಟು ಬೆಳ್ಳುಳ್ಳಿಯನ್ನು ತಣ್ಣಗಿರುವ ಎಣ್ಣೆಗೇ ಹಾಕಿ, ಉರಿ ಸಣ್ಣಗಿರಲಿ. ಎಣ್ಣೆ ಕಾದ ಮೇಲೆ ಬೆಳ್ಳುಳ್ಳಿ ಹಾಕುವ ಅಭ್ಯಾಸವಿರುವವರಿಗೆ ಇದು ವಿಚಿತ್ರವೆನಿಸಬಹುದು. ಎಣ್ಣೆಯ ಜೊತೆಗೇ ಬಿಸಿಯಾದ ಬೆಳ್ಳುಳ್ಳಿ ತನ್ನ ಘಮವನ್ನು ನಿಧಾನವಾಗಿ ಎಣ್ಣೆಗೆ ಬಿಟ್ಟುಕೊಡುತ್ತದೆ, ಮತ್ತು ನಿಮಗೆ ನೋಡುತ್ತ ನಿಲ್ಲಲು ಸಮಯ ಸಿಗುತ್ತದೆ.

ಏನನ್ನು ನೋಡಬೇಕು? ಮೊದಲು ಬಿಲ್ಲೆಗಳ ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಬೆಳ್ಳುಳ್ಳಿಯೊಳಗಿನ ನೀರು ಹೊರಬರುವ ಲಕ್ಷಣ. ನೀರಿರುವವರೆಗೆ ಅದು ಸೀಯುವುದಿಲ್ಲ. ಒಂದೆರಡು ನಿಮಿಷದಲ್ಲಿ ಗುಳ್ಳೆಗಳು ಕಡಿಮೆಯಾಗುತ್ತವೆ, ಸದ್ದು ಇಳಿಯುತ್ತದೆ, ಅಂಚು ಹುಲ್ಲಿನ ಹಳದಿಗೆ ತಿರುಗುತ್ತದೆ. ಆ ಕ್ಷಣದಲ್ಲೇ ಮೆಣಸಿನ ಚೂರು, ಅದರ ಬೆನ್ನಿಗೇ ಟೊಮೆಟೊ ಹಾಕಬೇಕು. ಹೊಂಬಣ್ಣ ಬರಲಿ ಎಂದು ಕಾಯುತ್ತ ನಿಂತರೆ ತಡವಾಯಿತೆಂದೇ ಲೆಕ್ಕ, ಬಿಸಿ ಎಣ್ಣೆಯಲ್ಲಿ ಅದು ಮುಂದಿನ ಅರ್ಧ ನಿಮಿಷದಲ್ಲಿ ಕಂದಾಗಿ ಕಹಿಯಾಗುತ್ತದೆ. ಕಹಿಯಾದ ಬೆಳ್ಳುಳ್ಳಿಯನ್ನು ಯಾವ ಸಾಸೂ ಮುಚ್ಚಿಡಲಾರದು. ಎಸೆದು ಹೊಸ ಎಣ್ಣೆಯಲ್ಲಿ ಶುರುಮಾಡುವುದೇ ಮೇಲು, ಹೋಗುವುದು ಎರಡು ಎಸಳು ತಾನೆ.

ಟೊಮೆಟೊಗೆ ಚಿಟಿಕೆ ಉಪ್ಪು ಉದುರಿಸಿ ಮುಚ್ಚಳ ಮುಚ್ಚಿ. ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷಕ್ಕೆ ಸಿಪ್ಪೆ ಬಿರಿಯುತ್ತದೆ. ಅರ್ಧದಷ್ಟು ಹಣ್ಣುಗಳನ್ನು ಸೌಟಿನ ಬೆನ್ನಿನಿಂದ ಹಿಸುಕಿ, ಉಳಿದವು ಇಡಿಯಾಗಿಯೇ ಇರಲಿ. ಮುಚ್ಚಳ ಇಲ್ಲಿ ಅಲಂಕಾರಕ್ಕಲ್ಲ. ಸ್ವಲ್ಪ ಸಾಸಿನ ಒಬ್ಬರ ಅಡುಗೆಯಲ್ಲಿ ಆವಿಯನ್ನು ಒಳಗೇ ಉಳಿಸಿಕೊಳ್ಳುವ ಉಪಾಯ ಅದೊಂದೇ.

ಪೊಟ್ಟಣದ ಮೇಲೆ ಹತ್ತು ನಿಮಿಷ ಎಂದಿದ್ದರೆ ಎಂಟಕ್ಕೇ ಒಂದನ್ನು ತೆಗೆದು ಕಚ್ಚಿ ನೋಡಿ. ನಡುವೆ ಬಿಳಿಯ ಚುಕ್ಕೆ ಕಾಣಬೇಕು, ಹಲ್ಲಿಗೆ ಗಟ್ಟಿಯೆನಿಸಬೇಕು. ಈ ಹಂತದಲ್ಲಿ ಅದನ್ನು ತೂತಿನ ಸೌಟಿನಿಂದಲೋ ಇಕ್ಕಳದಿಂದಲೋ ನೇರವಾಗಿ ಬಾಣಲೆಗೆ ವರ್ಗಾಯಿಸಿ, ಪಾಸ್ತಾ ಬೆಂದ ನೀರನ್ನು ಸಣ್ಣ ಸೌಟಿನಲ್ಲಿ ಒಂದು ಸಲ ಸೇರಿಸಿ. ಸಿಂಕಿನಲ್ಲಿ ಬಸಿದು ನೀರನ್ನೆಲ್ಲ ಕಳೆದುಕೊಳ್ಳುವುದು ಅನೇಕರ ಕೈಗೆ ಅಂಟಿದ ಅಭ್ಯಾಸ. ಈ ಕ್ರಮದಲ್ಲಿ ಆ ಅಪಾಯವೇ ಇಲ್ಲ. ಈಗ ಉರಿ ದೊಡ್ಡದು ಮಾಡಿ ಎರಡು ನಿಮಿಷ ಎಡೆಬಿಡದೆ ಮಗುಚಿ. ಕೊನೆಯ ಹದ ಪಾಸ್ತಾಕ್ಕೆ ಬರಬೇಕಾದದ್ದು ಸಾಸಿನೊಳಗೆ. ನೀರಿನಲ್ಲೇ ಪೂರ್ತಿ ಬೆಂದದ್ದು ಆಮೇಲೆ ಹೆಚ್ಚೇನೂ ಹೀರಿಕೊಳ್ಳುವುದಿಲ್ಲ, ಸಾಸ್ ಹೊರಗೇ ಉಳಿಯುತ್ತದೆ.

ಆಯಿತೋ ಇಲ್ಲವೋ ತಿಳಿಯಲು ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಒಂದು ಕ್ಷಣ ತೆರೆದಿದ್ದು ನಿಧಾನವಾಗಿ ಮುಚ್ಚಿಕೊಂಡರೆ ಸರಿ. ತಕ್ಷಣ ಮುಚ್ಚಿಕೊಂಡರೆ ನೀರು ಹೆಚ್ಚಿದೆ, ಮುಚ್ಚಿಕೊಳ್ಳದೇ ಇದ್ದರೆ ಇನ್ನೆರಡು ಚಮಚ ನೀರು ಬೇಕು. ಒಲೆ ಆರಿಸಿ, ಒಂದು ಟೀ ಚಮಚ ಹಸಿ ಎಣ್ಣೆ ಹಾಕಿ, ಬೇಸಿಲ್ ಹರಿದು ಹಾಕಿ, ಕೊನೆಯದಾಗಿ ಒಮ್ಮೆ ಜೋರಾಗಿ ಮಗುಚಿ. ಬೇಕೆನಿಸಿದ್ದಕ್ಕಿಂತ ತುಸು ನೀರಾಗಿಯೇ ಇಳಿಸಿ, ತಟ್ಟೆಗೆ ಹಾಕಿ ಕುಳಿತುಕೊಳ್ಳುವಷ್ಟರಲ್ಲಿ ಪಾಸ್ತಾ ಇನ್ನಷ್ಟು ಹೀರುತ್ತದೆ. ನಿಮ್ಮ ‘ಅಂಟಿಕೊಂಡು ಕೂರುವ’ ದೂರಿಗೆ ಅರ್ಧ ಪರಿಹಾರ ಇದರಲ್ಲೇ ಇದೆ.

ಒಂದೇ ಒಲೆ ಇರುವವರಿಗೆ, ಅಥವಾ ಎರಡು ಪಾತ್ರೆ ತೊಳೆಯಲು ಮನಸ್ಸಿಲ್ಲದ ದಿನಕ್ಕೆ, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸುವ ಕ್ರಮವೂ ಇದೆ. ಅದರಲ್ಲೂ ಭಾಗಾಕಾರ ಕೈಕೊಡುತ್ತದೆ. ನಾಲ್ವರಿಗೆ ಒಂದು ಲೀಟರ್ ನೀರು ಎಂದಿದ್ದರೆ ನಿಮಗೆ ಕಾಲು ಲೀಟರ್ ಸಾಲದು, 350 ಮಿಲಿಲೀಟರ್ ಬೇಕು. ಪಕ್ಕದಲ್ಲಿ ಇನ್ನೊಂದು ಲೋಟ ಬಿಸಿನೀರು ಕಾದಿರಲಿ. ಉಪ್ಪು ಕಾಲು ಟೀ ಚಮಚಕ್ಕಿಂತ ಹೆಚ್ಚು ಬೇಡ, ಇಲ್ಲಿ ಬಸಿಯುವುದೇನೂ ಇಲ್ಲವಲ್ಲ. ಪಾಸ್ತಾ ತುಸು ಮೆತ್ತಗಾಗುತ್ತದೆ, ಬೆಳ್ಳುಳ್ಳಿಯ ಘಮ ಅಷ್ಟು ತೆರೆದುಕೊಳ್ಳುವುದಿಲ್ಲ. ದಣಿದ ರಾತ್ರಿಗೆ ನಡೆಯುತ್ತದೆ. ನನಗೇನೂ ಅದರ ಮೇಲೆ ಮೋಹವಿಲ್ಲ.

ಹೊಟ್ಟೆ ತುಂಬುವ ಪ್ರಶ್ನೆಗೆ ಬರೋಣ. 85 ಗ್ರಾಂ ಒಣ ಪಾಸ್ತಾದಲ್ಲಿಯೇ ಹತ್ತು ಹನ್ನೊಂದು ಗ್ರಾಂ ಪ್ರೋಟೀನ್ ಇರುತ್ತದೆ, ಅದನ್ನು ಬರಿಯ ಹಿಟ್ಟೆಂದು ತಳ್ಳಿಹಾಕಬೇಕಿಲ್ಲ. ಇನ್ನೂ ಬೇಕೆಂದರೆ ಬೇಯಿಸಿದ ಕಾಬೂಲಿ ಕಡಲೆ ಅರ್ಧ ಕಪ್ ಸೇರಿಸಿ, ಇನ್ನೊಂದು ಏಳು ಗ್ರಾಂ ಬಂತು. ಪಾಸ್ತಾ ಮತ್ತು ಕಡಲೆ ಇಟಲಿಯ ಹಳೆಯ, ಬಡವರ ಜೋಡಿ. ಪಾಸ್ತಾ ಎ ಚೆಚಿ ಎಂಬ ಹೆಸರಿನಲ್ಲಿ ಇಂದಿಗೂ ಅಲ್ಲಿನ ಮನೆಮನೆಯ ಅಡುಗೆ. ಮಾಡುವುದು ಹೀಗೆ: ಮೇಲಿನ ಕ್ರಮದಲ್ಲಿ ಟೊಮೆಟೊವನ್ನು ಎರಡು ಚಮಚಕ್ಕೆ ಇಳಿಸಿ, ಅದರ ಜಾಗದಲ್ಲಿ ಕಡಲೆ ಹಾಕಿ, ಮೂರನೇ ಒಂದು ಪಾಲನ್ನು ಬಾಣಲೆಯಲ್ಲೇ ನುರಿಯಿರಿ. ನುರಿದ ಕಡಲೆ ಸಾಸನ್ನು ಕೆನೆಯಂತೆ ದಪ್ಪ ಮಾಡುತ್ತದೆ, ಇಡಿಯಾಗಿರುವುದು ಹಲ್ಲಿಗೆ ಸಿಗುತ್ತದೆ. ಒಂದು ಕಡ್ಡಿ ರೋಸ್‌ಮೇರಿ ಇದ್ದರೆ ಬೆಳ್ಳುಳ್ಳಿಯ ಜೊತೆಗೇ ಎಣ್ಣೆಗೆ ಬೀಳಲಿ. ತರಕಾರಿ ಬೇಕೆಂದರೆ ಬ್ರಾಕೊಲಿಯ ಸಣ್ಣ ಹೂಗಳನ್ನು ಪಾಸ್ತಾ ಬೇಯುವ ನೀರಿಗೇ ಕೊನೆಯ ನಾಲ್ಕು ನಿಮಿಷ ಹಾಕಿ ಎರಡನ್ನೂ ಒಟ್ಟಿಗೆ ಎತ್ತಿಕೊಳ್ಳಿ. ಪಾಲಕ್ ಸೊಪ್ಪಾದರೆ ಕೊನೆಯ ಒಂದು ನಿಮಿಷ ಬಾಣಲೆಯಲ್ಲೇ ಬಾಡಿದರೆ ಸಾಕು. ಅಣಬೆಯನ್ನು ಮಾತ್ರ ಎಲ್ಲಕ್ಕಿಂತ ಮೊದಲು, ದೊಡ್ಡ ಉರಿಯಲ್ಲಿ, ಅದರ ನೀರೆಲ್ಲ ಬತ್ತುವವರೆಗೆ ಹುರಿದು ಬದಿಗೆ ತೆಗೆದಿಟ್ಟುಕೊಳ್ಳಬೇಕು.

ಚೀಸಿನ ವಿಷಯದಲ್ಲಿ ಸಸ್ಯಾಹಾರಿಗಳು ಗಮನಿಸದೆ ಹೋಗುವ ಒಂದು ಸಂಗತಿಯಿದೆ. ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದಲೇ ಹಾಲು ಒಡೆಸಿ ಮಾಡಬೇಕೆಂಬುದು ಆ ಹೆಸರಿಗಿರುವ ನಿಯಮ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಇವುಗಳಲ್ಲಿ ಸಸ್ಯಾಹಾರಿ ಬಗೆಯೆಂಬುದು ಇಲ್ಲ. ಸೂಕ್ಷ್ಮಜೀವಿಗಳಿಂದಲೋ ಗಿಡದಿಂದಲೋ ಬಂದ ರೆನೆಟ್ ಬಳಸಿದ ಗಟ್ಟಿ ಚೀಸುಗಳು ಬೇರೆ ಹೆಸರಿನಲ್ಲಿ ಸಿಗುತ್ತವೆ, ಲೇಬಲ್ಲಿನಲ್ಲಿ ಅದನ್ನೇ ಹುಡುಕಿ. ಪೆಸ್ಟೊ ಎಂಬ ಬೇಸಿಲ್ ಸಾಸನ್ನು ಬಾಟಲಿಯಲ್ಲಿ ಕೊಳ್ಳುವಾಗಲೂ ಇದೇ ಎಚ್ಚರ ಬೇಕು, ಅದರಲ್ಲಿ ಅನೇಕ ಸಲ ಇಂಥ ಚೀಸೇ ಇರುತ್ತದೆ.

ಚೀಸ್ ಮತ್ತು ಕಾಳುಮೆಣಸು ಮಾತ್ರ ಸೇರಿಸುವ ರೋಮ್‌ನ ಕಾಚೊ ಎ ಪೆಪೆ ನೋಡಲು ಅತಿ ಸರಳ. ದಣಿದ ರಾತ್ರಿ ಅದಕ್ಕೆ ಕೈಹಾಕಬೇಡಿ. ಚೀಸ್ ಹೆಚ್ಚು ಬಿಸಿಗೆ ಸಿಕ್ಕರೆ ಗಂಟುಗಂಟಾಗಿ ಎಳೆಯುತ್ತದೆ. ಈ ಗಂಟು ಏಕೆ ಕಟ್ಟುತ್ತದೆಂದು ಭೌತವಿಜ್ಞಾನಿಗಳ ತಂಡವೊಂದು ಪ್ರಯೋಗ ಮಾಡಿ 2025ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯನ್ನೇ ಪಡೆಯಿತು. ಚೀಸಿನ ತೂಕದ ಎರಡು ಮೂರು ಶೇಕಡಾದಷ್ಟು ಪಿಷ್ಟವಿದ್ದರೆ ಸಾಸ್ ಒಡೆಯುವುದಿಲ್ಲ, ಒಂದು ಶೇಕಡಾಕ್ಕಿಂತ ಕೆಳಗಿಳಿದರೆ ಗಂಟು ಖಚಿತ ಎಂದು ಅವರು ಕಂಡುಕೊಂಡರು. ಒಬ್ಬರ ಪಾಲಿನ 40 ಗ್ರಾಂ ಚೀಸಿಗೆ ಅದು ಸುಮಾರು ಒಂದು ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ ಜೋಳದ ಪಿಷ್ಟ. ಬಿಡುವಿನ ದಿನ ಪ್ರಯತ್ನಿಸಿ: ಪಿಷ್ಟವನ್ನು ಮೂರು ಚಮಚ ನೀರಿನಲ್ಲಿ ಕಲಸಿ, ಗಂಜಿಯಾಗುವವರೆಗೆ ಕಾಯಿಸಿ, ಆರಿದ ಮೇಲೆ ಚೀಸ್ ತುರಿಯನ್ನು ಅದರಲ್ಲಿ ಕಲಸಿಕೊಳ್ಳಿ. ಉರಿಯಿಂದ ಇಳಿಸಿದ ಪಾಸ್ತಾಕ್ಕೆ ಅದನ್ನು ಬೆರೆಸಿದರೆ ಗಂಟಿಲ್ಲದ ಸಾಸ್ ಸಿಗುತ್ತದೆ.

ಚೀಸೇ ಬೇಡವೆನ್ನುವವರಿಗೆ ದಕ್ಷಿಣ ಇಟಲಿಯ ಬಡವರು ಕಂಡುಕೊಂಡ ಬದಲಿ ಇದೆ, ಹುರಿದ ಬ್ರೆಡ್ ಪುಡಿ. ಒಣಗಿದ ಬ್ರೆಡ್ಡನ್ನು ರವೆಯಷ್ಟು ತರಿಯಾಗಿ ಪುಡಿಮಾಡಿ, ಎರಡು ದೊಡ್ಡ ಚಮಚ ಪುಡಿಗೆ ಒಂದು ಟೀ ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಅದೇ ಬಾಣಲೆಯಲ್ಲಿ ಎಲ್ಲಕ್ಕಿಂತ ಮೊದಲು ಕೆಂಪಗೆ ಹುರಿದು ತೆಗೆದಿಡಿ. ಬಡಿಸಿದ ಮೇಲೆ ಉದುರಿಸಿ. ಬರಿಯ ಬೆಳ್ಳುಳ್ಳಿ ಎಣ್ಣೆಯ ಸ್ಪಗೆಟ್ಟಿಯ ಮೇಲೆ ಗರಿಗರಿಯಾದ ಈ ಪುಡಿ ಬಿದ್ದರೆ ಚೀಸಿಗಿಂತ ಇದೇ ಒಂದು ಕೈ ಮೇಲೆಂದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಸಮಯ ಉಳಿಸಲೆಂದು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ನೆನೆಸಿ ಬಾಟಲಿಯಲ್ಲಿಟ್ಟು ಹೊರಗೆ ಇಡಬೇಡಿ. ಗಾಳಿಯಾಡದ ಎಣ್ಣೆಯೊಳಗೆ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆಯಿಂದಲೋ ರುಚಿಯಿಂದಲೋ ಅದು ಗೊತ್ತಾಗುವುದಿಲ್ಲ. ಎರಡು ಎಸಳು ಹೆಚ್ಚಲು ಒಂದು ನಿಮಿಷ ಸಾಕು, ಆಗಿಂದಾಗ್ಗೆ ಹೆಚ್ಚಿಕೊಳ್ಳಿ. ಪಾಸ್ತಾ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮರುದಿನ ಬಾಣಲೆಯಲ್ಲಿ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿಮಾಡಿದರೆ ತಿನ್ನುವಂತಿರುತ್ತದೆ, ಮೊದಲ ದಿನದ ಹದವನ್ನು ನಿರೀಕ್ಷಿಸಬೇಡಿ.

ಉಳಿದ ಅರ್ಧ ಡಬ್ಬಿ ಟೊಮೆಟೊವನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಪಾತ್ರೆಗೆ ಸುರಿದು ಮುಚ್ಚಿ ಫ್ರಿಜ್‌ನಲ್ಲಿಡಿ, ಮೂರು ನಾಲ್ಕು ದಿನ ಕೆಡುವುದಿಲ್ಲ. ಅಷ್ಟರೊಳಗೆ ಮತ್ತೆ ಪಾಸ್ತಾ ಮಾಡುವುದಿಲ್ಲ ಎಂದಾದರೆ ಚಪ್ಪಟೆಯಾದ ಚೀಲದಲ್ಲಿ ಹರಡಿ ಫ್ರೀಜರ್‌ಗೆ ಹಾಕಿ. ಟೊಮೆಟೊ ಪೇಸ್ಟನ್ನೂ ಹೀಗೆಯೇ, ಒಂದೊಂದು ಚಮಚದ ಉಂಡೆಗಳಾಗಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು. ಬಳಸುವ ದಿನ ಕರಗಿಸುತ್ತ ಕೂರಬೇಕಾಗಿಲ್ಲ. ಬೆಳ್ಳುಳ್ಳಿಯ ಅಂಚು ಬಣ್ಣ ತಿರುಗಿದಾಗ ಬಾಣಲೆಯನ್ನು ಉರಿಯಿಂದ ಇಳಿಸಿ, ಹೆಪ್ಪುಗಟ್ಟಿದ ಟೊಮೆಟೊದ ಹಾಳೆಯನ್ನು ಮುರಿದು ಹಾಕಿ, ಮುಚ್ಚಳ ಮುಚ್ಚಿದ ಮೇಲೆ ಮತ್ತೆ ಒಲೆಗಿಡಿ. ಹಾಗೆ ಮಾಡಿದರೆ ಎಣ್ಣೆ ಸಿಡಿದು ಕೈಗೆ ತಾಗುವುದಿಲ್ಲ. ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಅದಕ್ಕೆ ತಕ್ಕಂತೆ ಪಾಸ್ತಾವನ್ನು ನೀರಿಗೆ ಹಾಕುವುದನ್ನು ಅಷ್ಟು ತಡಮಾಡಿ.